ಠಾಣೆಯಿಂದ ಆಸ್ಪತ್ರೆಗೆ ದಾರಿ ಯಾರು ತೋರಿಸಬೇಕು? ನಶೆಯ ಕೇಸುಗಳು ಮತ್ತು ನಮ್ಮ ಎರಡು ಜಿಲ್ಲೆಗಳು

ದಾವಣಗೆರೆ, ಚಿತ್ರದುರ್ಗದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಆಗಾಗ ಬರುತ್ತದೆ. ಯಾವುದೋ ಬಡಾವಣೆಯ ಖಾಲಿ ಸೈಟಿನಲ್ಲೋ ರೈಲ್ವೆ ಹಳಿಯ ಪಕ್ಕದಲ್ಲೋ ಗಾಂಜಾ ಸೇದುತ್ತಿದ್ದ ಯುವಕರು ಪೊಲೀಸರಿಗೆ ಸಿಕ್ಕರು, ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿದಾಗ ಸೇವಿಸಿದ್ದು ಖಚಿತವಾಯಿತು, ಎನ್‌ಡಿಪಿಎಸ್ ಕಾಯ್ದೆಯಡಿ, ಅಂದರೆ ಮಾದಕ ವಸ್ತುಗಳ ತಡೆ ಕಾನೂನಿನಡಿ, ಕೇಸು ದಾಖಲಾಯಿತು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ಹುಡುಗರಿಗೆ ಮುಂದೆ ಏನಾಯಿತು ಎಂದು ಯಾರೂ ಬರೆಯುವುದಿಲ್ಲ. ನಶೆ, ಚೇತರಿಕೆ, ಜೈಲು ಇವುಗಳ ನಂಟಿನ ಬಗ್ಗೆ ಕಳೆದ ಎರಡು ಮೂರು ದಶಕಗಳಲ್ಲಿ ನಡೆದ ಸಂಶೋಧನೆಯ ಬಹುಪಾಲು ಶುರುವಾಗುವುದೇ ಆ ನಾಲ್ಕು ಸಾಲು ಮುಗಿದ ಮೇಲೆ.

ಆ ಸಂಶೋಧನೆಯನ್ನು ಓದಿ, ನಮ್ಮ ಠಾಣೆ, ಕೋರ್ಟು, ಆಸ್ಪತ್ರೆಗಳ ಕಡೆ ತಿರುಗಿ ನೋಡಿದರೆ ನನಗೆ ಕಾಣುವುದಿಷ್ಟು: ನಶೆಗೆ ಬಿದ್ದವನನ್ನು ಚಿಕಿತ್ಸೆಗೆ ಕಳಿಸುವ ಅವಕಾಶ ನಮ್ಮ ಕಾನೂನಿನಲ್ಲಿ ಬಹಳ ಹಿಂದಿನಿಂದಲೂ ಇದೆ. ಚಿಕಿತ್ಸೆ ಕೊಡಬಲ್ಲ ವೈದ್ಯರು ಜಿಲ್ಲಾ ಕೇಂದ್ರದಲ್ಲೇ ಇದ್ದಾರೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೈಹಿಡಿದು ಕರೆದೊಯ್ಯುವ ವ್ಯವಸ್ಥೆ ಮಾತ್ರ ಇಲ್ಲ.

ಕಾನೂನು ಹೇಳುವುದೇನು

1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸಿಕ್ಕ ಮಾಲಿನ ತೂಕದ ಮೇಲೆ ಶಿಕ್ಷೆ ನಿರ್ಧಾರವಾಗುತ್ತದೆ. ಗಾಂಜಾ 1 ಕೆ.ಜಿ.ವರೆಗೆ ಇದ್ದರೆ ಸಣ್ಣ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಹೆರಾಯಿನ್‌ಗೆ ಈ ಗಡಿ 5 ಗ್ರಾಂ ಮತ್ತು 250 ಗ್ರಾಂ. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ 10ರಿಂದ 20 ವರ್ಷ ಜೈಲು. 37ನೇ ಕಲಂ ಇರುವುದರಿಂದ ಜಾಮೀನು ಸಿಗುವುದೂ ಬಲು ಕಷ್ಟ. ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಶಿಕ್ಷೆ ಆಗಬಹುದು. ಮೆಕ್ಕೆಜೋಳದ ಸಾಲಿನ ನಡುವೆ ಕೆಲವೇ ಗಿಡ ಹಾಕಿಕೊಂಡ ರೈತನಿಗೂ ಅನ್ವಯವಾಗುವುದು ಅದೇ ಕಲಂ.

ಬರೀ ಸೇವನೆಯಾದರೆ 27ನೇ ಕಲಂ. ಕೊಕೇನ್, ಮಾರ್ಫಿನ್, ಹೆರಾಯಿನ್‌ಗಳಿಗೆ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಾಂಜಾಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇದೇ ಕಾಯ್ದೆಯಲ್ಲಿ ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೆರಡು ಕಲಂಗಳಿವೆ. 64ಎ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸು ಬಿದ್ದಿರುವ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಕೇಸಿನ ವಿಚಾರಣೆಯಿಂದಲೇ ಅವನಿಗೆ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. 39ನೇ ಕಲಂ ಶಿಕ್ಷೆಯ ಹಂತದ್ದು. ಅಪರಾಧ ಸಾಬೀತಾದ ಮೇಲೂ ನ್ಯಾಯಾಧೀಶರು ಆರೋಪಿಯ ವಯಸ್ಸು, ನಡತೆ, ದೇಹ ಮನಸ್ಸುಗಳ ಸ್ಥಿತಿ ನೋಡಿ, ಅವನ ಒಪ್ಪಿಗೆ ಪಡೆದು, ಜೈಲಿನ ಬದಲು ಚಿಕಿತ್ಸೆಗೆ ಬಿಡಬಹುದು. ಅವನು ಮುಚ್ಚಳಿಕೆ ಬರೆದುಕೊಟ್ಟು, ಚಿಕಿತ್ಸೆ ಏನಾಯಿತೆಂಬ ವರದಿಯನ್ನು 1 ವರ್ಷದೊಳಗೆ ಕೋರ್ಟಿಗೆ ತರಬೇಕು.

ಇಷ್ಟೆಲ್ಲ ಇದ್ದೂ ಕೋರ್ಟಿನ ಆವರಣದಲ್ಲಿ ನಡೆಯುವುದು ಬೇರೆ. ಸೇವನೆ ಕೇಸಿನಲ್ಲಿ ಸಿಕ್ಕ ಹುಡುಗನಿಗೆ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: "ತಪ್ಪಾಯ್ತು ಅಂತ ಒಪ್ಕೊಂಡ್ಬಿಡು, ದಂಡ ಕಟ್ಟು, ಕೇಸು ಮುಗೀತದೆ. ಇಲ್ಲಾಂದ್ರೆ ವಾಯಿದೆಗೆ ಅಲೆದಾಡ್ಬೇಕಾಗ್ತದೆ." ಅಪ್ಪ ಸಾಲ ತಂದು ದಂಡ ಕಟ್ಟುತ್ತಾನೆ. ಕೇಸು ಮುಗಿಯುವುದೇನೋ ನಿಜ. ಆದರೆ ತಪ್ಪೊಪ್ಪಿಗೆ ಎಂದರೆ ಶಿಕ್ಷೆಯಾದ ದಾಖಲೆ. ನಾಳೆ ಕೆಲಸಕ್ಕೋ ಪಾಸ್‌ಪೋರ್ಟಿಗೋ ಪೊಲೀಸ್ ಪರಿಶೀಲನೆ ಬಂದಾಗ ಅದು ಎದ್ದು ನಿಲ್ಲುತ್ತದೆ. ಹುಡುಗನ ಚಟ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಬಗ್ಗೆ ಇಡೀ ಪ್ರಕ್ರಿಯೆಯಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ.

ಇದು ನಮ್ಮ ಊರಿನ ಕಥೆಯಷ್ಟೇ ಅಲ್ಲ. ವಿಧಿ ಕಾನೂನು ನೀತಿ ಕೇಂದ್ರದ ಸಂಶೋಧಕರು ಪಂಜಾಬಿನ ಎನ್‌ಡಿಪಿಎಸ್ ಕೇಸುಗಳನ್ನು ಅಧ್ಯಯನ ಮಾಡಿ 2018ರಲ್ಲಿ ವರದಿ ಕೊಟ್ಟರು. ನಶೆಯ ಪಿಡುಗಿಗೆ ದೇಶದಲ್ಲೇ ಹೆಸರಾದ ಆ ರಾಜ್ಯದಲ್ಲೂ ಚಿಕಿತ್ಸೆಗೆ ಕಳಿಸುವ ಈ ಕಲಂಗಳು ಕಾಗದದ ಮೇಲೇ ಉಳಿದಿದ್ದವು. ಅಪರೂಪಕ್ಕೆ ಬಳಕೆಯಾಗುವ ಕಲಮನ್ನು ವಕೀಲರು ಕೇಳುವುದಿಲ್ಲ, ವಕೀಲರು ಕೇಳದ್ದನ್ನು ಕೋರ್ಟು ತಾನಾಗಿ ಕೊಡುವುದು ಕಡಿಮೆ.

ಇನ್ನೊಂದು ತೊಡಕು ಕಾಯ್ದೆಯ ಒಳಗೇ ಇದೆ. ಈ ಎರಡೂ ಕಲಂ 'ವ್ಯಸನಿ'ಗೆ ಮಾತ್ರ, ಅಂದರೆ ವಸ್ತುವಿನ ಮೇಲೆ ಅವಲಂಬಿತನಾದವನಿಗೆ. ಗೆಳೆಯರ ಜೊತೆ ಮೊದಲ ಸಲ ಸೇದಿ ಸಿಕ್ಕಿಬಿದ್ದ ಕಾಲೇಜು ಹುಡುಗ ವ್ಯಸನಿಯಲ್ಲ. ಹಾಗಾಗಿ ಕಾಯಿಲೆ ಬಲಿತವನಿಗೆ ಇರುವ ರಕ್ಷಣೆ ಕಾಯಿಲೆ ಇನ್ನೂ ಶುರುವಾಗದವನಿಗೆ ಇಲ್ಲ! 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವು ಸ್ವಂತ ಬಳಕೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವರನ್ನು ಜೈಲಿಗೆ ಕಳಿಸುವ ಬದಲು ಚಿಕಿತ್ಸೆಗೆ ಕಳಿಸಬೇಕೆಂದು ಸಲಹೆ ಮಾಡಿತ್ತು. 27ನೇ ಕಲಂ ಈಗಲೂ ಅಪರಾಧದ ಕಲಮಾಗಿಯೇ ಇದೆ.

ಗಾಂಜಾ ಸುದ್ದಿಯಾಗುತ್ತದೆ, ಮನೆ ಮುರಿಯುವುದು ಹೆಂಡ

ಒಂದು ಅಳತೆಯನ್ನು ಮೊದಲೇ ಸರಿ ಮಾಡಿಕೊಳ್ಳಬೇಕು. ದೆಹಲಿಯ ಏಮ್ಸ್‌ನ ನೇತೃತ್ವದಲ್ಲಿ ದೇಶದಾದ್ಯಂತ ನಡೆದು 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಭಾರತೀಯರು ಮದ್ಯ ಕುಡಿಯುತ್ತಾರೆ. ಗಾಂಜಾ, ಚರಸ್ ಬಳಸುವವರು ಸುಮಾರು 1.3 ಕೋಟಿ. ಮದ್ಯಕ್ಕೆ ಸಂಪೂರ್ಣ ದಾಸರಾದವರೇ 2.9 ಕೋಟಿ. ಅವರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಇದನ್ನೇ ಹೇಳಿತ್ತು: ಕುಡಿತದ ಕಾಯಿಲೆ ಇರುವವರಲ್ಲಿ ಶೇ. 86ರಷ್ಟು ಜನ ಚಿಕಿತ್ಸೆಯ ಹೊರಗೇ ಉಳಿದಿದ್ದಾರೆ.

ಆದ್ದರಿಂದ ದಾವಣಗೆರೆಯ ಎಪಿಎಂಸಿ ಹಮಾಲಿಯ, ಮಂಡಕ್ಕಿ ಭಟ್ಟಿಯ ಕೆಲಸಗಾರನ, ಚಿತ್ರದುರ್ಗದ ಹೆದ್ದಾರಿಯಲ್ಲಿ ಲಾರಿ ಓಡಿಸುವ ಚಾಲಕನ ನಶೆಯ ಬಗ್ಗೆ ಮಾತಾಡುವಾಗ ನಾವು ಹೆಚ್ಚಾಗಿ ಮಾತಾಡುತ್ತಿರುವುದು ಕಾನೂನುಬದ್ಧ ನಶೆಯ ಬಗ್ಗೆ. ಕುಡಿದದ್ದಕ್ಕೆ ಅವನ ಮೇಲೆ ಕೇಸು ಬೀಳುವುದಿಲ್ಲ. ಕುಡಿದು ಬೈಕ್ ಓಡಿಸಿದ್ದಕ್ಕೆ, ರಸ್ತೆಯಲ್ಲಿ ಜಗಳವಾಡಿದ್ದಕ್ಕೆ, ಹೆಂಡತಿಗೆ ಹೊಡೆದದ್ದಕ್ಕೆ, ಕುಡಿಯಲು ದುಡ್ಡಿಲ್ಲದೆ ಕದ್ದದ್ದಕ್ಕೆ ಬೀಳುತ್ತದೆ. ಈ ಕೇಸುಗಳ ಕಡತದಲ್ಲಿ ಕುಡಿತ ಒಂದು ವಾಕ್ಯವಾಗಿ ಬಂದು ಹೋಗುತ್ತದೆ. 64ಎ ಆಗಲಿ, 39 ಆಗಲಿ ಮದ್ಯಕ್ಕೆ ಅನ್ವಯವಾಗುವುದಿಲ್ಲ. ಅಲ್ಲಿ ಬಳಕೆಗೆ ಬರಬಹುದಾದದ್ದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ಪ್ರೊಬೇಷನ್: ಜೈಲಿಗೆ ಹಾಕದೆ, ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವುದು.

ಕುಡಿತವನ್ನೇ ಅಪರಾಧ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬಿಹಾರ ಉತ್ತರ ಕೊಟ್ಟಿದೆ. 2016ರ ಪಾನನಿಷೇಧದ ನಂತರ ಅಲ್ಲಿ ಜಾಮೀನು ಅರ್ಜಿಗಳೇ ಕೋರ್ಟುಗಳನ್ನು ಮುಳುಗಿಸಿದವು. 2022ರಲ್ಲಿ ಸರ್ಕಾರವೇ ಕಾಯ್ದೆಗೆ ತಿದ್ದುಪಡಿ ತಂದು, ಮೊದಲ ಸಲ ಸಿಕ್ಕವನು ದಂಡ ಕಟ್ಟಿ ಹೋಗಲು ಅವಕಾಶ ಮಾಡಿಕೊಡಬೇಕಾಯಿತು. ನಮ್ಮಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಕುಡಿಯುವವರು ಕ್ವಾರ್ಟರ್ ಬಾಟಲಿಗೆ, ಟೆಟ್ರಾ ಪ್ಯಾಕಿಗೆ ಬಂದರು.

ಮಕ್ಕಳ ವಿಷಯ ಬೇರೆಯೇ ಇದೆ, ಅದಕ್ಕೆ ಪ್ರತ್ಯೇಕ ಲೇಖನ ಬೇಕು. ಇಲ್ಲಿ ಒಂದೇ ಮಾತು. ಪಂಕ್ಚರ್ ಸಲ್ಯೂಷನ್, ವೈಟ್ನರ್‌ನಂಥ ಮೂಸುವ ವಸ್ತುಗಳನ್ನು ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಬಳಸುತ್ತಾರೆಂದು 2019ರ ಅದೇ ಸಮೀಕ್ಷೆ ಹೇಳಿದೆ. ಬೇರಾವ ನಶೆಯಲ್ಲೂ ಹೀಗಿಲ್ಲ. ಇವು ಎನ್‌ಡಿಪಿಎಸ್ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಪೊಲೀಸರ ಅಂಕಿಅಂಶದಲ್ಲಿ ಆ ಮಕ್ಕಳು ಕಾಣುವುದೇ ಇಲ್ಲ.

ಲಾಕಪ್ಪಿನ ಮೊದಲ ಮೂರು ದಿನ

ಸಂಶೋಧನೆ ಬೊಟ್ಟು ಮಾಡುವ ಅತ್ಯಂತ ಅಪಾಯದ ಗಳಿಗೆಗಳಲ್ಲಿ ಇದು ಮೊದಲನೆಯದು, ನಮ್ಮಲ್ಲಿ ಇದರ ಬಗ್ಗೆ ಮಾತೇ ಆಗುವುದಿಲ್ಲ.

ಹದಿನೈದು ವರ್ಷದಿಂದ ದಿನವೂ ಕುಡಿಯುತ್ತಿರುವ ಒಬ್ಬ ಹಮಾಲಿಯನ್ನು ಜಗಳದ ಕೇಸಿನಲ್ಲಿ ಶನಿವಾರ ಸಂಜೆ ಹಿಡಿದು ತಂದರು ಎಂದುಕೊಳ್ಳಿ. ಅವನ ಕೊನೆಯ ಗ್ಲಾಸು ಆ ಮಧ್ಯಾಹ್ನದ್ದು. ಭಾನುವಾರ ಬೆಳಗ್ಗೆ ಕೈ ನಡುಗುತ್ತದೆ, ಬೆವರು, ವಾಂತಿ. ಕುಡಿತ ನಿಂತು 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ಸನ್ನಿಯಂಥ ಸ್ಥಿತಿ ಶುರುವಾಗುತ್ತದೆ. ಇಲ್ಲದ್ದು ಕಾಣುತ್ತದೆ, ಗೋಡೆಯ ಮೇಲೆ ಹುಳ ಹರಿದಂತೆ ಅನಿಸುತ್ತದೆ, ತಾನೆಲ್ಲಿದ್ದೇನೆಂಬ ಪರಿವೆ ಇರುವುದಿಲ್ಲ, ಜ್ವರ ಏರುತ್ತದೆ, ಎದೆ ಬಡಿತ ಹತೋಟಿ ತಪ್ಪುತ್ತದೆ. ವೈದ್ಯರು ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಚಿಕಿತ್ಸೆ ಎಂದರೆ ಬೆಂಗಳೂರಿಗೆ ಹೋಗಿ ಮಾಡಿಸಬೇಕಾದದ್ದೇನೂ ಅಲ್ಲ. ಡಯಾಜೆಪಾಮ್ ಅಥವಾ ಲೋರಾಜೆಪಾಮ್, ಥಯಮಿನ್ ಇಂಜೆಕ್ಷನ್, ನೀರಿನಂಶ, ನಿಗಾ. ಜಿಲ್ಲಾಸ್ಪತ್ರೆಯಲ್ಲಿ ಎಲ್ಲವೂ ಇದೆ.

ಆದರೆ ಲಾಕಪ್ಪಿನ ಕಾವಲಿಗಿರುವ ಪೇದೆಗೆ ಇದನ್ನು ಯಾರು ಹೇಳಿಕೊಟ್ಟಿದ್ದಾರೆ? ಕೂಗಾಡುವವನು ನಾಟಕ ಮಾಡುತ್ತಿದ್ದಾನೆ ಎಂದು ಅವನಿಗೆ ಅನಿಸಿದರೆ ತಪ್ಪು ಅವನದೊಬ್ಬನದೇ ಅಲ್ಲ. 24 ಗಂಟೆಯೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ, ಅದಕ್ಕೆ ಮೊದಲು ವೈದ್ಯಕೀಯ ತಪಾಸಣೆಯೂ ಆಗುತ್ತದೆ. ಆ ತಪಾಸಣೆ ನೋಡುವುದು ಗಾಯವಾಗಿದೆಯೇ ಎಂದು. ಸನ್ನಿ ಬರುವ ಹೊತ್ತಿಗೆ ಅವನು ನ್ಯಾಯಾಂಗ ಬಂಧನಕ್ಕೆ ಹೋಗಿ ಜೈಲಿನಲ್ಲಿರುತ್ತಾನೆ, ತಪಾಸಣಾ ಚೀಟಿಯಲ್ಲಿ "ಆರೋಗ್ಯವಾಗಿದ್ದಾನೆ" ಎಂದು ಬರೆದಿರುತ್ತದೆ. ಕರೆತಂದ ಗಳಿಗೆಯಲ್ಲೇ ಮೂರು ಪ್ರಶ್ನೆ ಕೇಳುವ ರೂಢಿ ಬರಬೇಕು: ದಿನಾ ಕುಡಿಯುತ್ತೀಯಾ, ಕೊನೆಗೆ ಕುಡಿದದ್ದು ಯಾವಾಗ, ಬಿಟ್ಟಾಗ ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿತ್ತಾ. ಇದಕ್ಕೆ ಬಜೆಟ್ ಬೇಕಿಲ್ಲ. ತಪಾಸಣಾ ನಮೂನೆಯಲ್ಲಿ ಮೂರು ಸಾಲು ಸೇರಿಸಿದರೆ ಸಾಕು, ಎಷ್ಟೋ ಜೀವ ಉಳಿದೀತು.

ಜೈಲಿನೊಳಗಿನ ಪರಿಸ್ಥಿತಿಯ ಬಗ್ಗೆ ನಮ್ಮ ರಾಜ್ಯದ್ದೇ ದೊಡ್ಡ ಅಧ್ಯಯನವಿದೆ. ನಿಮ್ಹಾನ್ಸ್‌ನ ಸುರೇಶ್ ಬಡಾ ಮಠ, ಪ್ರತಿಮಾ ಮೂರ್ತಿ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಮಾನಸಿಕ ಕಾಯಿಲೆ ಅಥವಾ ನಶೆಯ ಸಮಸ್ಯೆ, ಎರಡರಲ್ಲಿ ಒಂದಾದರೂ ಇದ್ದವರು ಸುಮಾರು ಶೇ. 80. ನಶೆಯನ್ನು ಲೆಕ್ಕದಿಂದ ತೆಗೆದ ಮೇಲೂ ಶೇ. 27ಕ್ಕಿಂತ ಹೆಚ್ಚು ಜನರಿಗೆ ಮಾನಸಿಕ ಕಾಯಿಲೆ ಇತ್ತು. ದೇಶದ ಜೈಲುಗಳಲ್ಲಿ ಇರುವವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನ ಕೈದಿಗಳು. ಅಂದರೆ ಇನ್ನೂ ತಪ್ಪಿತಸ್ಥರೆಂದು ಸಾಬೀತಾಗದವರು, ಯಾವತ್ತು ಬೇಕಾದರೂ ಜಾಮೀನಿನ ಮೇಲೆ ಹೊರಬರುವವರು. ಇಂಥವರಿಗೆ ಆರು ತಿಂಗಳ ಪುನರ್ವಸತಿ ಯೋಜನೆ ಹಾಕಿಕೊಂಡು ಕೂತರೆ ಎರಡನೇ ವಾರಕ್ಕೇ ಅವನು ಹೊರಗಿರುತ್ತಾನೆ. ಜಿಲ್ಲಾ ಜೈಲುಗಳಿಗೆ ಬೇಕಿರುವುದು ಚಿಕ್ಕ, ಚುರುಕಾದ ವ್ಯವಸ್ಥೆ: ಬಂದ ದಿನವೇ ತಪಾಸಣೆ, ವಾರಕ್ಕೊಮ್ಮೆ ಮನೋವೈದ್ಯರ ಭೇಟಿ, ಹೊರಹೋಗುವಾಗ ಕೈಯಲ್ಲಿ ಮಾತ್ರೆ ಮತ್ತು ಮುಂದಿನ ಭೇಟಿಯ ಚೀಟಿ.

ಬಿಡುಗಡೆಯ ನಂತರದ ಎರಡು ವಾರ

ಎರಡನೆಯ ಅಪಾಯ ಜೈಲಿನ ಬಾಗಿಲು ತೆರೆದ ಮೇಲೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಬಿಡುಗಡೆಯಾದ ಮೂವತ್ತು ಸಾವಿರ ಕೈದಿಗಳ ಜಾಡು ಹಿಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರ ಅವರ ಸಾವಿನ ಅಪಾಯ ಉಳಿದ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ಅತಿಯಾದ ಡೋಸಿನಿಂದ ಸಾಯುವ ಅಪಾಯ 129 ಪಟ್ಟು. ಕಾರಣ ಸರಳ. ಒಳಗಿದ್ದಾಗ ದೇಹ ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ಹೊರಬಂದವನು ಹಳೆಯ ಲೆಕ್ಕದಲ್ಲೇ ತೆಗೆದುಕೊಳ್ಳುತ್ತಾನೆ. ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ 2016ರಲ್ಲಿ ಜೈಲಿನೊಳಗೇ ಹೆರಾಯಿನ್‌ನಂಥ ನಶೆಯ ಚಿಕಿತ್ಸೆಗೆ ಬಳಸುವ ಬುಪ್ರೆನಾರ್ಫಿನ್, ಮೆಥಡೋನ್, ನಾಲ್ಟ್ರೆಕ್ಸೋನ್ ಔಷಧಿಗಳನ್ನು ಕೊಟ್ಟು, ಹೊರಬಂದ ಮೇಲೂ ಮುಂದುವರಿಸಿತು. ಬಿಡುಗಡೆಯಾದವರಲ್ಲಿ ಅತಿಯಾದ ಡೋಸಿನ ಸಾವುಗಳು ಒಂದೇ ವರ್ಷದಲ್ಲಿ ಸುಮಾರು ಶೇ. 60 ಇಳಿದವು.

ಹೆರಾಯಿನ್ ಇಂಜೆಕ್ಷನ್ನಿನ ಊರುಗಳ ಈ ಅಂಕಿಯನ್ನು ಕುಡಿತದ ಊರಾದ ನಮಗೆ ಹಾಗೇ ಅಂಟಿಸಲಾಗದು. ಆದರೂ ಗುಣ ಒಂದೇ. ಜಾಮೀನು ಸಿಕ್ಕ ದಿನ ಸಂಜೆ ಗೆಳೆಯರು ಕರೆದೊಯ್ಯುವುದು ಎಲ್ಲಿಗೆ ಎಂದು ನಮಗೆಲ್ಲ ಗೊತ್ತು. ಹೊರಬಂದವನಿಗೆ ಹಳೇ ಸಾಲ, ನಿಂತ ಕೆಲಸ, ಮುನಿದ ಮನೆ ಒಟ್ಟಿಗೇ ಎದುರಾಗುತ್ತವೆ. ಆ ವಾರ ಅವನಿಗೆ ಒಂದು ಫೋನ್ ಮಾಡುವವರು ಬೇಕು, ಆಸ್ಪತ್ರೆಗೆ ಜೊತೆಗೆ ಬರುವವರು ಬೇಕು.

ಕೋರ್ಟು ಚಿಕಿತ್ಸೆ ಕೊಡಿಸಿದರೆ ಫಲವಿದೆಯೇ

ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಶುರುವಾದ 'ಡ್ರಗ್ ಕೋರ್ಟ್'ಗಳಲ್ಲಿ ನ್ಯಾಯಾಧೀಶರು, ವೈದ್ಯರು, ಪ್ರೊಬೇಷನ್ ಅಧಿಕಾರಿ ಒಟ್ಟಿಗೆ ಕೂತು ಆರೋಪಿಯ ಚಿಕಿತ್ಸೆಯ ಮೇಲೆ ಕಣ್ಣಿಡುತ್ತಾರೆ. ಇಂಥ ಕೋರ್ಟುಗಳ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲೆಕ್ಕ ಹಾಕಿದಾಗ, ಮತ್ತೆ ಅಪರಾಧಕ್ಕೆ ಬೀಳುವವರ ಪ್ರಮಾಣ ಶೇ. 50ರಿಂದ ಸುಮಾರು ಶೇ. 38ಕ್ಕೆ ಇಳಿದಿತ್ತು. ಒಪ್ಪಿಗೆ ಇಲ್ಲದೆ ಕೂಡಿಹಾಕಿ ಕೊಡುವ ಕಡ್ಡಾಯ ಚಿಕಿತ್ಸೆಗೆ ಇಂಥ ಪುರಾವೆ ಸಿಗುವುದಿಲ್ಲ. ನಮ್ಮ 39ನೇ ಕಲಂ "ಒಪ್ಪಿಗೆ ಪಡೆದು" ಎಂದಿರುವುದು ಈ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಈ ಮಾತನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಮನೆಯವರು ಸೋತು, ರಾತ್ರೋರಾತ್ರಿ ವ್ಯಾನು ಕಳಿಸಿ ಎತ್ತಿಕೊಂಡು ಹೋಗುವ 'ಕೇಂದ್ರ'ಗಳಿಗೆ ದುಡ್ಡು ಕಟ್ಟುವುದನ್ನು ನಾವೆಲ್ಲ ಕೇಳಿದ್ದೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಬರುತ್ತವೆ. ಇವರನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವ ಕೇಂದ್ರಕ್ಕೆ ನೋಂದಣಿ ಬೇಕು, ಸರಪಳಿ ಹಾಕುವುದಕ್ಕೆ ನಿಷೇಧವಿದೆ. ಗೋಡೆ ಬರಹದಲ್ಲಿ ಕಾಣುವ "ಕುಡಿಯುವವರಿಗೆ ಗೊತ್ತಿಲ್ಲದಂತೆ ಕೊಡಬಹುದಾದ ಔಷಧಿ" ಕೂಡ ಇದೇ ಸಾಲಿನದು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಸಾರಿನಲ್ಲಿ ಬೆರೆಸಿ ಕೊಟ್ಟು, ಅವನು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಬೇಸತ್ತ ಅಮ್ಮಂದಿರು, ಹೆಂಡಿರು ಇದನ್ನು ತಿಳಿಯದೆ ಮಾಡುತ್ತಾರೆ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ದಯವಿಟ್ಟು ಮಾಡಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಶಿಕ್ಷೆಯನ್ನೇ ತೆಗೆದುಬಿಟ್ಟರೆ? ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, ಜೊತೆಗೆ ಸಿಕ್ಕವರನ್ನು ಕೂರಿಸಿ ಮಾತಾಡಿಸುವ ಸಮಿತಿಗಳನ್ನೂ ಚಿಕಿತ್ಸೆಯ ಜಾಲವನ್ನೂ ಕಟ್ಟಿತು. ಅಮೆರಿಕದ ಆರೆಗಾನ್ 2021ರಲ್ಲಿ ಕಾನೂನನ್ನು ಸಡಿಲಿಸಿತು, ಚಿಕಿತ್ಸೆಯ ವ್ಯವಸ್ಥೆ ತಡವಾಯಿತು, ಜನ ರೊಚ್ಚಿಗೆದ್ದರು, 2024ರಲ್ಲಿ ಮತ್ತೆ ಅಪರಾಧವಾಯಿತು. ಎರಡು ಅನುಭವಗಳನ್ನು ಪಕ್ಕಪಕ್ಕ ಇಟ್ಟರೆ ಕಾನೂನಿನ ಪದಗಳಿಗಿಂತ ಅದರ ಹಿಂದೆ ನಿಂತ ಚಿಕಿತ್ಸೆಯ ತೂಕವೇ ಹೆಚ್ಚು ಎನಿಸುತ್ತದೆ.

ಠಾಣೆಗೆ ಬರುವ ಹೆಂಗಸರು ಕೇಳುವುದೇನು

ಈ ಇಡೀ ಚರ್ಚೆಯಲ್ಲಿ ಯಾರೂ ಕಿವಿಗೊಡದ ಸಂಶೋಧನೆಯೊಂದು ಪ್ರತಿ ಠಾಣೆಯ ಬೆಂಚಿನ ಮೇಲೆ ದಿನವೂ ನಡೆಯುತ್ತಿದೆ. "ಕುಡಿದು ಬಂದು ಹೊಡೀತಾನ್ರೀ ಸಾರ್, ಒಂದ್ ಸಲ ಕರೆಸಿ ಬುದ್ಧಿ ಹೇಳ್ರಿ" ಎಂದು ಬರುವ ಹೆಂಗಸು ಕೇಸು ಬೇಡ ಎನ್ನುತ್ತಾಳೆ. ಗಂಡ ಒಳಗೆ ಹೋದರೆ ದಿನದ ಕೂಲಿ ನಿಲ್ಲುತ್ತದೆ, ಶ್ಯೂರಿಟಿಗೆ ಅವಳೇ ಓಡಾಡಬೇಕು, ಬಂದ ಮೇಲೆ ಅವನ ಸಿಟ್ಟು ಅವಳ ಮೇಲೇ. ಠಾಣೆಯವರು ಎರಡು ಬೈದು, ಕೆಲವೊಮ್ಮೆ ಎರಡು ಬಾರಿಸಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಹೊಡೆತದಿಂದ ಕುಡಿತ ನಿಲ್ಲುವುದಾಗಿದ್ದರೆ ನಮ್ಮ ನಾಡಿನಲ್ಲಿ ಒಬ್ಬ ಕುಡುಕನೂ ಉಳಿಯುತ್ತಿರಲಿಲ್ಲ.

ಅವಳ ಸುರಕ್ಷತೆ ಮೊದಲು. ಚಿಕಿತ್ಸೆಯ ಹೆಸರಿನಲ್ಲಿ ಹೊಡೆತವನ್ನು ಕ್ಷಮಿಸಬೇಕಾಗಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣಾ ಆದೇಶವೂ ಇದೆ, 14ನೇ ಕಲಮಿನಡಿ ಆಪ್ತ ಸಮಾಲೋಚನೆಗೆ ಕಳಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗೆ ಇದೆ. ಎರಡನ್ನೂ ಒಟ್ಟಿಗೆ ಕೇಳಬಹುದು.

ಆ ಸಮಾಲೋಚನೆಗೆ ದೊಡ್ಡ ಡಿಗ್ರಿಯವರೇ ಬೇಕೆಂದೇನಿಲ್ಲ ಎಂಬುದಕ್ಕೆ ಗೋವಾದಿಂದ ಪುರಾವೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಗಂಡಸರ ಮೇಲೆ ಅಲ್ಲಿ ಒಂದು ಪ್ರಯೋಗ ನಡೆಯಿತು. ಫಲಿತಾಂಶ 2017ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತರಬೇತಿ ಪಡೆದ ಸಾಮಾನ್ಯ ಜನರೇ ಕೆಲವೇ ಸಲ ಕೂರಿಸಿ ಮಾತಾಡಿಸಿದವರಲ್ಲಿ ಶೇ. 36ರಷ್ಟು ಜನ ಮೂರು ತಿಂಗಳಲ್ಲಿ ಅಪಾಯದ ಮಟ್ಟದಿಂದ ಹೊರಬಂದರು. ಮಾಮೂಲಿ ಆರೈಕೆ ಸಿಕ್ಕವರಲ್ಲಿ ಅದು ಶೇ. 26. ದೊಡ್ಡ ಅಂತರ ಅನಿಸದಿರಬಹುದು. ಆದರೆ ಒಂದು ಜಿಲ್ಲೆಯ ಎಲ್ಲ ಠಾಣೆಗಳ ಬೆಂಚಿನ ಮೇಲೆ ಕೂತ ಹೆಂಗಸರನ್ನು ನೆನೆದರೆ ಹತ್ತು ಮನೆಗೆ ಒಂದು ಮನೆ ಹೆಚ್ಚಾಗಿ ಉಳಿದಂತೆ.

ಚೇತರಿಕೆ ಎಂಬುದು ಎಷ್ಟು ಉದ್ದ

"ಶಿಬಿರಕ್ಕೆ ಹೋಗಿ ಬಂದ, ಮೂರು ತಿಂಗಳಿಗೆ ಮತ್ತೆ ಶುರು ಹಚ್ಕೊಂಡ" ಎಂಬ ನಿರಾಸೆ ಎಲ್ಲ ಕಡೆ ಕೇಳುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ವೈದ್ಯರ ತಂಡವೊಂದು ನಶೆಯ ಕಾಯಿಲೆಯನ್ನು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಆಸ್ತಮಾಗಳ ಜೊತೆ ಹೋಲಿಸಿ ನೋಡಿತು. ಚಿಕಿತ್ಸೆಯ ನಂತರ ಮರುಕಳಿಸುವ ಪ್ರಮಾಣ ನಾಲ್ಕರಲ್ಲೂ ಹೆಚ್ಚು ಕಡಿಮೆ ಒಂದೇ. ಬಿಪಿ ಮತ್ತೆ ಏರಿದರೆ ನಾವು ಮಾತ್ರೆ ಬದಲಿಸುತ್ತೇವೆ, ಕುಡಿತ ಮರುಕಳಿಸಿದರೆ ಮನುಷ್ಯನನ್ನೇ ಕೈಬಿಡುತ್ತೇವೆ. ನ್ಯಾಯಾಲಯದಲ್ಲೂ ಹೀಗೇ ಆಗುವ ಅಪಾಯವಿದೆ. 64ಎ ಅಡಿ ಚಿಕಿತ್ಸೆ ಪಡೆಯುತ್ತಿರುವವನು ಒಮ್ಮೆ ಜಾರಿದ್ದಕ್ಕೂ ಚಿಕಿತ್ಸೆಯನ್ನೇ ಬಿಟ್ಟದ್ದಕ್ಕೂ ವ್ಯತ್ಯಾಸವಿದೆ. ಜಾರಿದವನು ಮರುದಿನ ಆಸ್ಪತ್ರೆಗೆ ಬಂದನೇ ಎಂಬುದನ್ನು ನ್ಯಾಯಾಧೀಶರು ನೋಡಬೇಕು.

ಇನ್ನೊಂದು ದೀರ್ಘ ಅಧ್ಯಯನ ಅಪರಾಧಶಾಸ್ತ್ರಜ್ಞರಾದ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಅವರದು. ಬಾಲಾಪರಾಧಿಗಳಾಗಿದ್ದ ಬಾಸ್ಟನ್ನಿನ ಹುಡುಗರನ್ನು ಎಪ್ಪತ್ತು ವರ್ಷದ ಮುದುಕರಾಗುವವರೆಗೂ ಹಿಂಬಾಲಿಸಿದ ಅಧ್ಯಯನವದು. ಅವರಲ್ಲಿ ಅಪರಾಧ ಬಿಟ್ಟವರನ್ನು ಬಿಡುವಂತೆ ಮಾಡಿದ್ದು ಬಹುಪಾಲು ಸ್ಥಿರವಾದ ಕೆಲಸ ಮತ್ತು ಬಾಳಿಕೆ ಬಂದ ದಾಂಪತ್ಯ. ಕಾಟನ್ ಮಿಲ್ಲುಗಳು ಮುಚ್ಚಿ, ಕೆಲಸವೆಂದರೆ ದಿನಗೂಲಿ ಎಂದಾಗಿರುವ ದಾವಣಗೆರೆಗೆ ಇದು ಹಗುರವಾದ ಮಾತಲ್ಲ. ಹತ್ತೊಂಬತ್ತರ ಹುಡುಗನಿಗೆ ಒಂದು ಸೇದುವಿಕೆಯ ಕಾರಣಕ್ಕೆ ಶಿಕ್ಷೆಯ ದಾಖಲೆ ಅಂಟಿಸಿದಾಗ ನಾವು ಕಿತ್ತುಕೊಳ್ಳುವುದು ಅವನನ್ನು ಉಳಿಸಬಹುದಾಗಿದ್ದ ಆ ಕೆಲಸವನ್ನೇ.

ಇಲ್ಲೇ ಇರುವ ಎಳೆಗಳು

ಹೊಸದಾಗಿ ಕಟ್ಟಬೇಕಾದದ್ದು ಕಡಿಮೆ. ನಿಮ್ಹಾನ್ಸ್ ನೆರವಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ 1985ರ ಸುಮಾರಿಗೆ ನಡೆದ ಪ್ರಯೋಗವೇ ಇವತ್ತಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದಲೇ ಮಾನಸಿಕ ಆರೈಕೆ ಕೊಡಿಸಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ಬಯಲುಸೀಮೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ಏರ್ಪಾಡಿದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ, ಎರಡು ವೈದ್ಯಕೀಯ ಕಾಲೇಜುಗಳಿವೆ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆಯ ಜೊತೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ.

ಸಮಾಜದ ಕಡೆಯಿಂದಲೂ ಹಳೆಯ ಪ್ರಯತ್ನಗಳಿವೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ನಮ್ಮ ತಾಲ್ಲೂಕುಗಳ ಕಲ್ಯಾಣ ಮಂಟಪಗಳಲ್ಲೂ ನಡೆಯುತ್ತಿರುತ್ತವೆ. ಅವುಗಳ ನಿಜವಾದ ಬಲ ಆ ಎಂಟು ದಿನಗಳಿಗಿಂತ ಆಮೇಲಿನ ನವಜೀವನ ಸಮಿತಿ ಸಭೆಗಳಲ್ಲಿದೆ ಎಂದು ನನ್ನ ಅನಿಸಿಕೆ. ಕುಡಿತ ಬಿಟ್ಟವನು ಬಿಡಲು ಹೆಣಗುತ್ತಿರುವವನ ಪಕ್ಕ ಕೂರುವುದಕ್ಕೆ ಸಮನಾದ ಔಷಧಿ ಕಡಿಮೆ.

ಇವುಗಳನ್ನೆಲ್ಲ ಕೋರ್ಟಿಗೆ ಹೆಣೆಯುವ ದಾರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಳಿ ಇದೆ. ಬಂಧನದಲ್ಲಿರುವ ಯಾರಿಗೇ ಆದರೂ 1987ರ ಕಾಯ್ದೆಯ ಪ್ರಕಾರ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ನಶೆಯ ಸಂತ್ರಸ್ತರಿಗೆಂದೇ 2015ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಒಂದು ಯೋಜನೆಯನ್ನೂ ಮಾಡಿದೆ. ಪ್ರಾಧಿಕಾರದ ಅಡಿ ಕೆಲಸ ಮಾಡುವ ಅರೆ ಕಾನೂನು ಸ್ವಯಂಸೇವಕರಲ್ಲಿ, ಕುಡಿತ ಬಿಟ್ಟು ಐದಾರು ವರ್ಷ ಗಟ್ಟಿಯಾಗಿ ನಿಂತ ನಾಲ್ಕೈದು ಜನರನ್ನು ಸೇರಿಸಿಕೊಂಡು, ಒಬ್ಬೊಬ್ಬರನ್ನು ಕೋರ್ಟು, ಜೈಲು, ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ನಿಲ್ಲಿಸಿದರೆ ಕಾಣೆಯಾಗಿರುವ ಕೊಂಡಿ ಅದೇ. ಮಾನ್ಯತೆ ಇರುವ ಚಿಕಿತ್ಸಾ ಕೇಂದ್ರಗಳ ಒಂದು ಪುಟದ ಪಟ್ಟಿ ಪ್ರತಿ ಮ್ಯಾಜಿಸ್ಟ್ರೇಟರ ಮೇಜಿನ ಮೇಲಿರಬೇಕು. ಪಟ್ಟಿಯೇ ಇಲ್ಲದ ನ್ಯಾಯಾಧೀಶರು ಆರೋಪಿಯನ್ನು ಎಲ್ಲಿಗೆ ಕಳಿಸಿಯಾರು?

ಇದೆಲ್ಲ ಆಗುವವರೆಗೆ ಕಾಯಲಾಗದ ಮನೆಯವರಿಗೆ ಇವತ್ತೇ ಬಳಸಬಹುದಾದ ಕೆಲವು ವಿವರ. ಮಗನೋ ತಮ್ಮನೋ ಸೇವನೆ ಕೇಸಿನಲ್ಲಿ ಸಿಕ್ಕಿದ್ದರೆ ತಪ್ಪೊಪ್ಪಿಕೊಳ್ಳುವ ಮೊದಲು ವಕೀಲರನ್ನು 64ಎ ಮತ್ತು 39ರ ಬಗ್ಗೆ ಕೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಹೊರರೋಗಿ ಚೀಟಿ, ಚಿಕಿತ್ಸಾ ಟಿಪ್ಪಣಿ ಎಲ್ಲವನ್ನೂ ಜೋಪಾನವಾಗಿಡಿ. ಅರ್ಜಿಯ ಜೊತೆ ಲಗತ್ತಿಸಲು ಅವು ಬೇಕಾಗುತ್ತವೆ. ದಿನಾ ಕುಡಿಯುವವರು ಬಂಧನವಾದರೆ ಆ ವಿಷಯವನ್ನು ಠಾಣೆಯಲ್ಲಿ ಬರವಣಿಗೆಯಲ್ಲಿ ಕೊಟ್ಟು, ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಿಸಿ. ನಶೆ ಬಿಡಲು ನೆರವು ಕೇಳುವ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು.